ದೊಡ್ಡ ಇಂಜೆಕ್ಷನ್ ಬೇಡ ಎಂದವನು

ಫೆಬ್ರವರಿ 3

ಅಕ್ಕನಿಗೆ,

ಇನ್ನು ಮೇಲೆ ಫೋನ್ ಮಾಡಬೇಡ ಎಂದು ನೀನು ಹೇಳಿ ನಾಲ್ಕು ವರ್ಷವಾಯಿತು. ಕಾಗದ ಬರೆಯಬೇಡ ಎಂದು ಹೇಳಿರಲಿಲ್ಲ. ಆ ಸಂದಿಯಲ್ಲಿ ನುಸುಳಿಕೊಂಡು ಬಂದಿದ್ದೇನೆ. ಹರಿಯುವುದಾದರೆ ಪೂರ್ತಿ ಓದಿ ಹರಿ. ದುಡ್ಡಿಗಾಗಿ ಬರೆದದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನೀಗ ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕಡೆ ಕೆಲಸಕ್ಕಿದ್ದೇನೆ. ಮೇಲಿನ ಕೋಣೆಗಳ ಹಾಸುಬಟ್ಟೆಗಳೆಲ್ಲ ಒಂದು ಕೊಳವೆಯಲ್ಲಿ ಜಾರಿ ನಮ್ಮ ತಲೆಯ ಮೇಲೆ ಬೀಳುತ್ತವೆ. ಒಗೆಯುವುದಕ್ಕೆ ಯಂತ್ರವಿದೆ, ಇಸ್ತ್ರಿಗೆ ಬಿಸಿ ಉರುಳೆ ಇದೆ, ದೊಡ್ಡ ಹಾಸುಬಟ್ಟೆ ಮಡಚುವುದಕ್ಕೆ ಮಾತ್ರ ಇಬ್ಬರು ಮನುಷ್ಯರು ಬೇಕು. ನನ್ನ ಜೊತೆಗಾರನನ್ನು ಎಲ್ಲರೂ ಉದ್ದಣ್ಣ ಎನ್ನುತ್ತಾರೆ. ಅವನು ಕೈ ಎತ್ತಿದರೆ ಬಟ್ಟೆಯ ಆ ತುದಿ ಸೂರಿಗೆ ತಾಗುತ್ತದೆ, ಈ ತುದಿಯಲ್ಲಿ ನಾನು ನೇತಾಡುತ್ತಿರುತ್ತೇನೆ. ಹಿಂದೆ ಲಿಫ್ಟ್ ರಿಪೇರಿ ಮಾಡುವಾಗ ಗುಂಡಿಗೆ ಬಿದ್ದು ಪೆಟ್ಟಾದ ಬೆನ್ನು ಈಗಲೂ ಬಗ್ಗಿದಾಗ ಕಾಡುತ್ತದೆ. ಅದಕ್ಕೆ ನಾನು ಏನೂ ತೆಗೆದುಕೊಳ್ಳುವುದಿಲ್ಲ. ಏನೂ ಎಂದರೆ ಏನೂ. ಚಟ ಬಿಡಿಸುವ ಕೇಂದ್ರದಿಂದ ಹೊರಗೆ ಬಂದು ಮೂರು ವರ್ಷವಾಯಿತು. ನಂಬುವುದು ಬಿಡುವುದು ನಿನಗೆ ಸೇರಿದ್ದು.

ವಿಷಯಕ್ಕೆ ಬರುತ್ತೇನೆ. ಊಟವಾದ ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಹಿಡಿದುಕೊಳ್ಳುತ್ತದೆ. ಅಲ್ಲಿಂದ ಭುಜದ ತನಕ ಹೋಗುತ್ತದೆ. ಸ್ಕ್ಯಾನ್ ಮಾಡಿಸಿದೆ. ಪಿತ್ತಕೋಶದ ತುಂಬ ಕಲ್ಲು. ತೆಗೆಸಬೇಕು, ಆದರೆ ಸರದಿ ಬರುವುದಕ್ಕೆ ತಿಂಗಳುಗಟ್ಟಲೆ ಕಾಯಬೇಕು. "ಅಷ್ಟರಲ್ಲಿ ನೋವು ತಡೆಯೋಕಾಗದೇ ಇದ್ರೆ ಎಮರ್ಜೆನ್ಸಿಗೆ ಬನ್ನಿ, ಇಂಜೆಕ್ಷನ್ ಕೊಡ್ತೀವಿ," ಎಂದರು. ಯಾವ ಇಂಜೆಕ್ಷನ್ ಎಂದು ಕೇಳುವ ಧೈರ್ಯ ಬರಲಿಲ್ಲ.

ಮಾರ್ಫಿನ್ ಜಾತಿಯದು ಯಾವುದೇ ಇರಲಿ, ಒಂದು ಸಲ ಒಳಗೆ ಹೋದರೆ ನಾನು ಮುಗಿದೆ ಅಕ್ಕ. ಇದನ್ನು ನಾಟಕಕ್ಕೆ ಹೇಳುತ್ತಿಲ್ಲ. ಕೇಂದ್ರದಲ್ಲಿ ನನ್ನ ಪಕ್ಕದ ಮಂಚದವನು ಏಳು ವರ್ಷ ಬಿಟ್ಟಿದ್ದವನು, ಹಲ್ಲು ಕೀಳಿಸಲು ಹೋಗಿ ಮತ್ತೆ ಶುರುಮಾಡಿದ್ದ. ನೀನು ಎಮರ್ಜೆನ್ಸಿಯಲ್ಲಿ ಅಷ್ಟು ವರ್ಷ ನರ್ಸ್ ಆಗಿದ್ದವಳು. ಈ ನೋವಿಗೆ ಬೇರೆ ಮದ್ದು ಇದೆಯೇ? ಅಲ್ಲಿ ಹೋಗಿ ಏನು ಹೇಳಬೇಕು? ಅಷ್ಟು ತಿಳಿಸು, ಸಾಕು.

ನಿನ್ನ ತಮ್ಮ,
ಗುಂಡ


ಫೆಬ್ರವರಿ 21

ಗುಂಡನಿಗೆ,

ಕಾಗದ ನಿನ್ನ ಭಾವನ ಕೈಗೆ ಸಿಗುವ ಮೊದಲು ನನ್ನ ಕೈಗೆ ಸಿಕ್ಕಿದ್ದು ನಿನ್ನ ಅದೃಷ್ಟ. ಅವರ ಮುಂದೆ ನಿನ್ನ ಸುದ್ದಿ ಎತ್ತಿದರೆ ತಟ್ಟೆ ಬಿಟ್ಟು ಎದ್ದು ಹೋಗುತ್ತಾರೆ. ಪೂರ್ತಿ ಓದಿದೆ. ದುಡ್ಡು ಕೇಳಿಲ್ಲ ಎಂದು ನಂಬಿಕೆ ಬಾರದೆ ಇನ್ನೊಂದು ಸಲ ಓದಿದೆ.

ಕೇಳಿದ್ದಕ್ಕೆ ಉತ್ತರ: ಇದೆ. ಡೈಕ್ಲೋಫೆನಾಕ್ ಕೊಡಲಿ ಎನ್ನು, ಅಥವಾ ಅದೇ ಗುಂಪಿನ ಬೇರೆ ಯಾವುದಾದರೂ. ಪಿತ್ತಕೋಶದ ನೋವಿಗೆ ಅದು ಮಾರ್ಫಿನ್ನಿನಂಥ ದೊಡ್ಡ ಇಂಜೆಕ್ಷನ್ನಿಗೆ ಏನೂ ಕಡಿಮೆಯಿಲ್ಲ. ಕಲ್ಲು ಅಡ್ಡ ಬಂದು ಒಳಗೆ ಬಾವು ಏಳುತ್ತದೆ, ಬಿಗಿಯುತ್ತದೆ, ಅದನ್ನೇ ಈ ಮದ್ದು ಇಳಿಸುತ್ತದೆ. ಎಷ್ಟೋ ಕಡೆ ಮೊದಲು ಕೊಡುವುದೇ ಅದನ್ನು. ಹೊಟ್ಟೆಯಲ್ಲಿ ಹುಣ್ಣಿದ್ದರೆ, ಕಿಡ್ನಿ ಸರಿಯಿಲ್ಲದಿದ್ದರೆ ಕೊಡುವುದಿಲ್ಲ, ಅದಕ್ಕೇ ಮೊದಲು ರಕ್ತ ಪರೀಕ್ಷೆ ಮಾಡಿಸಿಟ್ಟುಕೋ. ನಿನಗೆ ಏನು ಅಭ್ಯಾಸವಿತ್ತು ಎನ್ನುವುದನ್ನು ಮುಚ್ಚಿಡಬೇಡ. ಜ್ವರ ಬಂದರೆ, ಕಣ್ಣು ಹಳದಿಯಾದರೆ ಮನೆಯಲ್ಲಿ ಕೂರಬೇಡ.

ಇದನ್ನು ಯಾವ ರೋಗಿ ಕೇಳಿದರೂ ಹೇಳುತ್ತಿದ್ದೆ, ನಿನಗೆಂದು ಪ್ರೀತಿಯಿಂದ ಹೇಳಿದ್ದಲ್ಲ. ನಾನೀಗ ಎಮರ್ಜೆನ್ಸಿಯಲ್ಲಿಲ್ಲ. ನನ್ನ ಸಹಿಯನ್ನು ನೀನು ಚೀಟಿಯ ಮೇಲೆ ಗೀಚಿ ಔಷಧಿಯ ಕಿಟಕಿಯಲ್ಲಿ ಇಂಜೆಕ್ಷನ್ ಇಸಿದುಕೊಂಡು ಹೋದೆಯಲ್ಲ, ಆಮೇಲೆ ಆಸ್ಪತ್ರೆಯವರು ನನ್ನನ್ನು ಮೂವರ ಮುಂದೆ ಕೂರಿಸಿ, ಎಷ್ಟು ಸಲ ಕೊಟ್ಟೆ, ಯಾಕೆ ಕೊಟ್ಟೆ ಎಂದು ಕೇಳಿ, ಕೆಲಸದಿಂದ ತೆಗೆದರು. ಈಗ ಒಂದು ಕಣ್ಣಿನ ಆಸ್ಪತ್ರೆಯಲ್ಲಿದ್ದೇನೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಮುದುಕರ ರೆಪ್ಪೆ ಎತ್ತಿ ಹನಿ ಬಿಡುವುದು, ಗೋಡೆಯ ಮೇಲಿನ ಅಕ್ಷರ ಓದಿಸುವುದು. ಇಲ್ಲಿನ ಡಾಕ್ಟರಮ್ಮನಿಗೆ ಹಿಂದಿನದು ಯಾವುದೂ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಅಕ್ಕ


ಏಪ್ರಿಲ್ 14

ಅಕ್ಕನಿಗೆ,

ಆಯಿತು! ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ, ಆಮೇಲೆ ಹೇಗಾಯಿತು ಎಂದು ಹೇಳುತ್ತೇನೆ. ನೋವು ಬಂತು, ಆಸ್ಪತ್ರೆಗೆ ಹೋದೆ, ನೀನು ಹೇಳಿದ ಮದ್ದನ್ನೇ ಕೊಟ್ಟರು, ನೋವು ಹೋಯಿತು. ಅದರ ಜಾಗಕ್ಕೆ ಬೇರೆ ಯಾವುದೂ ಬಂದು ಕೂರಲಿಲ್ಲ.

ಮಧ್ಯಾಹ್ನ ಉರುಳೆಯ ಹತ್ತಿರ ನಿಂತಿದ್ದೆ. ಒಮ್ಮೆಲೇ ಪಕ್ಕೆಗೆ ಗೂಟ ಹೊಡೆದ ಹಾಗಾಯಿತು. ಉದ್ದಣ್ಣ ಹಾಸುಬಟ್ಟೆಯ ಆ ತುದಿಯಿಂದ, "ಏಯ್ ಎಳಿಯೋ, ಯಾಕೆ ಕೈ ಬಿಟ್ಟೆ?" ಎಂದು ಕೂಗುತ್ತಲೇ ಇದ್ದಾನೆ, ನಾನು ನೆಲದ ಮೇಲಿದ್ದೇನೆ. ಕೊಳೆಬಟ್ಟೆಯ ತಳ್ಳುಗಾಡಿಯಲ್ಲೇ ಕೂರಿಸಿ ಹೊರಗೆ ಸಾಗಿಸಿದ.

ಅಲ್ಲಿನ ಡಾಕ್ಟರಿಗೆ ನೀನು ಹೇಳಿಕೊಟ್ಟ ಹಾಗೆಯೇ ಒಪ್ಪಿಸಿದೆ. ಕಲ್ಲಿದೆ, ಹಿಂದೆ ಅಭ್ಯಾಸವಿತ್ತು, ದೊಡ್ಡದು ಬೇಡ, ಡೈಕ್ಲೋಫೆನಾಕ್ ಕೊಡಿ. ಹೆಸರು ಕಿವಿಗೆ ಬಿದ್ದದ್ದೇ ತಡ, ಅವರ ಮುಖ ಬದಲಾಯಿತು. "ಹೆಸರು ಹಿಡಿದು ಮದ್ದು ಕೇಳ್ತಿದೀರಲ್ಲ, ಎಷ್ಟು ಆಸ್ಪತ್ರೆ ತಿರುಗಿದೀರಿ?" ಎಂದರು. ಹೆಸರು ಹಿಡಿದು ಕೇಳುವವರೆಲ್ಲ ಚಟದವರು ಎಂದು ಅವರಿಗೆ ಕಲಿಸಿದ್ದಾರಂತೆ. ಯಾವ ಹೆಸರು ಹಿಡಿದು ಕೇಳಿದೆ ಎನ್ನುವುದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗೋಡೆಯ ಪಕ್ಕದ ಬೆಂಚಿನ ಮೇಲೆ ಮುದುಡಿಕೊಂಡು ಬಿದ್ದಿದ್ದೆ. ಎಲ್ಲರೂ ದಾಟಿಕೊಂಡು ಹೋದರು. ಕೊನೆಗೆ ಉದ್ದಣ್ಣನ ತಾಳ್ಮೆ ಕೆಟ್ಟಿತು. "ಕಳ್ಳ ಬಂದು ಬೀಗ ಹಾಕ್ಕೊಳ್ಳಿ ಅಂತಾನೇನ್ರೀ? ಬೇಡ ಅಂತಿರೋನಿಗೆ ಬೇಡವಾದ್ದನ್ನ ಕೊಡಬೇಡಿ, ಅಷ್ಟೇ ತಾನೇ ಕೇಳ್ತಿರೋದು!" ಎಂದು ಸೂರು ಹಾರುವ ಹಾಗೆ ಕೂಗಿದ. ಒಬ್ಬ ವಯಸ್ಸಾದ ಡಾಕ್ಟರ್ ಎದ್ದು ಬಂದರು, ಕೇಳಿದರು, ಕೊಟ್ಟರು. ಹನಿಹನಿಯಾಗಿ ಒಳಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ನೆಟ್ಟಗೆ ಕೂತು ಬಿಸ್ಕತ್ತು ಕೇಳಿದೆನಂತೆ.

ಒಂದು ಉಪಕಾರ ಮಾಡು. ಪ್ರತಿ ಸಲ ಉದ್ದಣ್ಣನನ್ನು ಜೊತೆಗೆ ಕಟ್ಟಿಕೊಂಡು ಹೋಗಲಾಗುವುದಿಲ್ಲ. ನೀನು ನರ್ಸ್ ಎಂದು ತಿಳಿಸಿ, ನನ್ನ ವಿಷಯ ನಾಲ್ಕು ಸಾಲು ಬರೆದು ಸಹಿ ಮಾಡಿ ಕಳಿಸು. ಮುಂದಿನ ಸಲ ತೋರಿಸುತ್ತೇನೆ.

ನಿನ್ನ
ಗುಂಡ


ಮೇ 2

ಗುಂಡನಿಗೆ,

ನಿನ್ನ ಸುದ್ದಿ ಓದಿ ಸಂತೋಷವಾಯಿತು. ಆದ ಸಂತೋಷವನ್ನು ಇಲ್ಲ ಎನ್ನುವುದಿಲ್ಲ.

ಸಹಿ ಕೊಡುವುದಿಲ್ಲ. ಅದನ್ನು ನೀನು ಎಷ್ಟು ಸಲೀಸಾಗಿ ಕೇಳಿಬಿಟ್ಟೆ. ನನ್ನ ಹೆಸರಿನ ಕೆಳಗಿನ ಗೀಟಿನ ಸೊಟ್ಟನ್ನೂ ಬಿಡದೆ ಅಭ್ಯಾಸ ಮಾಡಿದವನು ನೀನು. ಆ ಮೂವರು ಚೀಟಿಗಳನ್ನು ಮೇಜಿನ ಮೇಲೆ ಹರಡಿದಾಗ ಯಾವುದು ನನ್ನದು, ಯಾವುದು ನಿನ್ನದು ಎಂದು ನನಗೇ ತಿಳಿಯಲಿಲ್ಲ. ಆ ಕೈಗೆ ಮತ್ತೆ ನನ್ನ ಸಹಿ ಕೊಡು ಎನ್ನುತ್ತೀಯ. ನೀನು ಬದಲಾಗಿರಬಹುದು, ನನಗೆ ಆದದ್ದು ಬದಲಾಗಿಲ್ಲ.

ಬೇಕಾದರೆ ನನ್ನ ನಂಬರ್ ಕೊಡು. ಕೆಳಗೆ ಬರೆದಿದ್ದೇನೆ. ಡಾಕ್ಟರು ಫೋನ್ ಮಾಡಿ ಕೇಳಲಿ, ಬಾಯಲ್ಲಿ ಹೇಳುತ್ತೇನೆ. ನೀನು ಮಾತ್ರ ಮಾಡಬೇಡ. ನಿನ್ನ ದನಿ ಕೇಳಿದರೆ ನಾನು ಕರಗುತ್ತೇನೆ, ಕರಗಿದ್ದಕ್ಕೆ ಆಗಲೇ ಸಾಕಷ್ಟು ಅನುಭವಿಸಿದ್ದೇನೆ.

ಅಕ್ಕ


ಮೇ 20

ಅಕ್ಕನಿಗೆ,

ಸಹಿ ಬೇಡ, ಬಿಡು. ಕೇಳಬಾರದಿತ್ತು. ನಂಬರ್ ಸಾಕು, ಅದೇ ಹೆಚ್ಚು.

ಹೋಟೆಲಿನ ಬಟ್ಟೆಗಳಿಗೆ ಗುರುತು ಹಾಕುವ ಮಸಿಯಲ್ಲಿ ಉದ್ದಣ್ಣ ನಿನ್ನ ನಂಬರನ್ನು ನನ್ನ ಅಂಗಿಗಳ ಒಳಗೆಲ್ಲ ಬರೆದಿದ್ದಾನೆ. ಪಕ್ಕದಲ್ಲಿ "ಅಕ್ಕ, ನರ್ಸ್" ಎಂದೂ ಬರೆದಿದ್ದಾನೆ. "ಇನ್ಮೇಲೆ ನೀನು ಕಳೆದುಹೋದ್ರೆ ಅವರ ಮನೆಗೇ ತಲುಪಿಸ್ತಾರೆ ನೋಡು," ಎಂದು ನಗುತ್ತಾನೆ. ಆಪರೇಷನ್ನಿಗೆ ದಿನ ಕೊಟ್ಟರು, ಸೆಪ್ಟೆಂಬರ್ ಒಂಬತ್ತು. ಅಲ್ಲಿಯವರೆಗೆ ಎಣ್ಣೆಯಲ್ಲಿ ಕರಿದದ್ದು ಮುಟ್ಟುವುದಿಲ್ಲ. ಎಲ್ಲ ಮುಗಿದ ಮೇಲೆ, ಭಾವ ಮನೆಯಲ್ಲಿಲ್ಲದ ಒಂದು ದಿನ, ಬಾಗಿಲಿಗೆ ಬಂದು ಮುಖ ತೋರಿಸಿ ಹೋಗಲೇ?

ಗುಂಡ


ಜುಲೈ 18

ಪ್ರೀತಿಯ ಗುಂಡ,

ಹೇಗಿದ್ದೀಯ? ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಆಸ್ಪತ್ರೆಗೆ ಹೊಸ ಯಂತ್ರ ಬಂದಿದೆ. ಗದ್ದ ಇಟ್ಟು ಒಳಗೆ ನೋಡಿದರೆ ಬಣ್ಣದ ಮನೆಯ ಚಿತ್ರ ಕಾಣುತ್ತದೆ. ಮಕ್ಕಳಿಗಿಂತ ಮುದುಕರಿಗೇ ಅದು ಇಷ್ಟ, ಇನ್ನೊಂದು ಸಲ ತೋರಿಸಮ್ಮಾ ಎಂದು ಕೇಳುತ್ತಾರೆ. ಭಾವನಿಗೆ ಮಂಡಿನೋವು. ಮೆಟ್ಟಿಲ ಮೇಲೆ ನಿಂತು ಮೆಟ್ಟಿಲನ್ನೇ ಬೈಯುತ್ತಾರೆ.

ನೀನು ಬರುತ್ತೇನೆ ಎಂದಿದ್ದಕ್ಕೆ ಉತ್ತರ ಬರೆಯಲಿಲ್ಲ, ತಪ್ಪು ತಿಳಿಯಬೇಡ. ಬಾ. ಯಾವ ಆಸ್ಪತ್ರೆಯಿಂದಲೂ ಫೋನ್ ಬರಲಿಲ್ಲ, ಅಂದರೆ ನೋವು ಬಂದಿಲ್ಲ, ಎಲ್ಲ ಸರಿಯಿದೆ ಎಂದುಕೊಂಡಿದ್ದೇನೆ. ಸರಿಯಿದೆ ತಾನೇ? ಕೂಡಲೇ ಬರೆ.

ಪ್ರೀತಿಯಿಂದ,
ನಿನ್ನ ಅಕ್ಕ


ಜುಲೈ 30

ಅಕ್ಕನಿಗೆ,

ಫೋನ್ ಬಂದಿತ್ತು ಅಕ್ಕ.

ಆ ದಿನ ರಜೆ, ಕೋಣೆಯಲ್ಲಿದ್ದೆ. ಉದ್ದಣ್ಣ ಕೆಲಸದಲ್ಲಿದ್ದ. ಹತ್ತಿರದ ಆಸ್ಪತ್ರೆಗೆ ನಾನೇ ಹೇಗೋ ಹೋಗಿ ಬಿದ್ದೆ. ಅಲ್ಲಿ ನನ್ನ ಹಳೆಯ ಕಾಗದ ಯಾವುದೂ ಇರಲಿಲ್ಲ. ಡಾಕ್ಟರು ಚಿಕ್ಕ ವಯಸ್ಸಿನವಳು, ಒಳ್ಳೆಯವಳು. ನಾನು ಹೇಳಿದ್ದನ್ನೆಲ್ಲ ಬಾಗಿ ಕೇಳಿದಳು. ನೋವಿನಲ್ಲಿ ಅರ್ಧ ಮಾತು ನುಂಗಿದ್ದೆ, ಉಳಿದರ್ಧ ತಲೆಕೆಳಗಾಗಿತ್ತು. ಅಂಗಿ ಎತ್ತಿ ನಿನ್ನ ನಂಬರ್ ತೋರಿಸಿದೆ. "ನಮ್ಮಕ್ಕ ನರ್ಸು, ಅವಳನ್ನ ಕೇಳಿ, ಎಲ್ಲ ಹೇಳ್ತಾಳೆ," ಎಂದೆ. ಅವಳ ಕೈಯಲ್ಲಿ ಗ್ಲೌಸ್ ಇತ್ತು. ಅದಕ್ಕೆ ಪಕ್ಕದ ನರ್ಸ್ ಫೋನನ್ನು ಸ್ಪೀಕರಿಗೆ ಹಾಕಿ ಹಿಡಿದುಕೊಂಡಳು.

"ರಾಂಗ್ ನಂಬರ್. ನನಗೆ ತಮ್ಮ ಇಲ್ಲ," ಎಂದೆ ನೀನು.

ನಿನ್ನ ಹಿಂದೆ ಯಾರೋ, "ಎರಡನೇ ಸಾಲು ಓದಿ," ಎನ್ನುತ್ತಿದ್ದದ್ದೂ ಕೇಳಿಸಿತು.

ಡಾಕ್ಟರು ನನ್ನನ್ನು ಬೈಯಲಿಲ್ಲ. ಪಾಪ, ನೋವಿನಲ್ಲಿ ಏನೇನೋ ಬಡಬಡಿಸುತ್ತಿದ್ದಾನೆ, ಯಾರೂ ದಿಕ್ಕಿಲ್ಲದವನು ಎಂದುಕೊಂಡಳು. ಕೈ ಸವರಿ, "ಇಷ್ಟೊಂದು ನೋವು ಯಾಕೆ ತಡ್ಕೋಬೇಕು? ಈಗಲೇ ಕಮ್ಮಿ ಮಾಡ್ತೀನಿ ಇರಿ," ಎಂದಳು. ನರ್ಸ್ ತಂದದ್ದು ಯಾವುದು ಎಂದು ದೂರದಿಂದಲೇ ಗೊತ್ತಾಯಿತು. ನಾನು ಕೈ ಎಳೆದುಕೊಳ್ಳಬಹುದಿತ್ತು. ಬೇಡ ಎಂದು ಕೂಗಬಹುದಿತ್ತು, ಅಷ್ಟಕ್ಕೆ ಉಸಿರಿತ್ತು. ಕೂಗಲಿಲ್ಲ. ತಮ್ಮನೇ ಇಲ್ಲ ಎಂದ ಮೇಲೆ ಯಾರಿಗಾಗಿ ಹಲ್ಲು ಕಚ್ಚಿಕೊಂಡಿರಬೇಕು ಎಂದು ಅನಿಸಿತು.

ನೋವು ಪೂರ್ತಿ ಹೋಯಿತು. ಎಲ್ಲ ನೋವೂ ಹೋಯಿತು. ನಿನ್ನ ಮಾತಿನದು ಕೂಡ.

ಗುಂಡ


ಆಗಸ್ಟ್ 4

ಗುಂಡ,

ನಮ್ಮ ಡಾಕ್ಟರಮ್ಮ ನನ್ನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತಿದ್ದರು. ಆ ಹುಡುಗಿ ಫೋನಿನಲ್ಲಿ, "ನಿಮ್ಮ ತಮ್ಮನಿಗೆ ಮಾರ್ಫಿನ್ ಚಟ ಇತ್ತಂತೆ, ಹೌದಾ?" ಎಂದು ಶುರುಮಾಡಿದಳು. ದನಿ ಹೊರಗೆ ಕೇಳುತ್ತಿತ್ತು. ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತು. ಅರ್ಧ ಗಂಟೆ ಬಿಟ್ಟು ಬಚ್ಚಲಿಗೆ ಹೋಗಿ ಅದೇ ನಂಬರಿಗೆ ಮಾಡಿದೆ, ಯಾರೂ ಎತ್ತಲಿಲ್ಲ. ಇದನ್ನು ನೀನು ನಂಬಬೇಕಾಗಿಲ್ಲ.

ಒಂದು ಸಲ ಆದದ್ದು ಒಂದೇ ಸಲ. ಅಲ್ಲಿಗೇ ನಿಲ್ಲಿಸಬಹುದು. ಕೇಂದ್ರದವರಿಗೆ ಇವತ್ತೇ ಹೇಳು. ನಾನು ಬರಲೇ? ಭಾವ ಏನಾದರೂ ಅಂದುಕೊಳ್ಳಲಿ. ಸೆಪ್ಟೆಂಬರ್ ಒಂಬತ್ತಕ್ಕೆ ನಾನೇ ಬಂದು ನಿನ್ನ ಮಂಚದ ಪಕ್ಕ ಕೂರುತ್ತೇನೆ.

ನಿನ್ನ ಅಕ್ಕ


ಸೆಪ್ಟೆಂಬರ್ 11

ಗುಂಡ,

ಒಂಬತ್ತನೇ ತಾರೀಕು ಬೆಳಿಗ್ಗೆಯೇ ಆಸ್ಪತ್ರೆಗೆ ಬಂದಿದ್ದೆ. ಹಣ್ಣು ತಂದಿದ್ದೆ. ನಿನ್ನ ಹೆಸರು ಕೂಗಿದರು, ಯಾರೂ ಏಳಲಿಲ್ಲ. ಎರಡನೇ ಸಲ ಕೂಗಿದಾಗ ನಾನು ಎದ್ದು ನಿಂತೆ, ಯಾಕೆ ಎಂದು ನನಗೇ ಗೊತ್ತಿಲ್ಲ. ಎಲ್ಲಿದ್ದೀಯ?

ಅಕ್ಕ


ಅಕ್ಟೋಬರ್ 6

ಅಕ್ಕನಿಗೆ ನಮಸ್ಕಾರ,

ನೀನು ಸುಮ್ಮನೆ ಗಾಬರಿ ಬಿದ್ದಿದ್ದೀಯ. ನಾನು ಚೆನ್ನಾಗಿದ್ದೇನೆ. ಆಪರೇಷನ್ ಮುಂದಕ್ಕೆ ಹಾಕಿಸಿದೆ, ಅಷ್ಟೇ. ಅವಸರವೇನಿದೆ? ಕಲ್ಲು ಓಡಿಹೋಗುವುದಿಲ್ಲ. ನೋವು ಬಂದಾಗ ಆಸ್ಪತ್ರೆಗೆ ಹೋಗುತ್ತೇನೆ, ಸ್ಕ್ಯಾನ್ ತೋರಿಸುತ್ತೇನೆ, ಅವರು ನೋಡಿಕೊಳ್ಳುತ್ತಾರೆ. ಊರಿನಲ್ಲಿ ಎಷ್ಟೊಂದು ಆಸ್ಪತ್ರೆಗಳಿವೆ, ಎಲ್ಲ ಕಡೆಯೂ ಒಳ್ಳೆಯ ಜನ ಇದ್ದಾರೆ. ಉದ್ದಣ್ಣನಿಗೆ ಬೇರೆ ಜೊತೆ ಕೊಟ್ಟಿದ್ದಾರೆ. ಅವನು ಸ್ವಲ್ಪ ಬಾಯಿಬಡುಕ, ಅವನ ಮಾತು ಕೇಳಬೇಡ.

ಇನ್ನು ಮೇಲೆ ನಿನ್ನನ್ನು ಯಾರೂ ಫೋನ್ ಮಾಡಿ ಪೀಡಿಸುವುದಿಲ್ಲ. ಅಂಗಿಗಳನ್ನೆಲ್ಲ ಬದಲಾಯಿಸಿದ್ದೇನೆ.

ಗುಂಡ


ಅಕ್ಟೋಬರ್ 15

ಗುಂಡ,

ನನಗೇ ಕಿವಿಯ ಮೇಲೆ ಹೂ ಇಡಬೇಡ. ಎಮರ್ಜೆನ್ಸಿಯಲ್ಲಿ ನಿನ್ನಂಥವರನ್ನು ದಿನಕ್ಕೊಬ್ಬರಂತೆ ನೋಡಿದ್ದೇನೆ. ಪಿತ್ತಕೋಶ ಹೋದರೆ ಕಲ್ಲು ಹೋಗುತ್ತದೆ, ಕಲ್ಲು ಹೋದರೆ ಕೈಯಲ್ಲಿರುವ ಸ್ಕ್ಯಾನಿಗೆ ಬೆಲೆಯಿಲ್ಲ, ಅದಕ್ಕೇ ಅದನ್ನು ಹೊಟ್ಟೆಯಲ್ಲಿ ಸಾಕಿಕೊಂಡು ಓಡಾಡುತ್ತಿದ್ದೀಯ. ಅದು ಕೊಳೆತರೆ ಏನಾಗುತ್ತದೆ ಗೊತ್ತೇ? ಒಳಗೇ ಒಡೆಯುತ್ತದೆ. ನಿನ್ನಷ್ಟು ಗಟ್ಟಿ ಆಳುಗಳು ಸಂಜೆ ಬಂದು ಬೆಳಗಾಗುವುದರಲ್ಲಿ ಹೋದದ್ದನ್ನು ಕಂಡಿದ್ದೇನೆ. ನೀನಿದ್ದ ಕೋಣೆಗೆ ಎರಡು ಸಲ ಬಂದೆ. ಬಾಗಿಲಿಗೆ ಹೊಸ ಬೀಗ, ಒಳಗೆ ಬೇರೆ ಯಾರೋ ಇದ್ದಾರಂತೆ. ಈ ಕಾಗದವನ್ನು ಉದ್ದಣ್ಣನ ಕೈಗೆ ಕೊಡುತ್ತೇನೆ. ನಿನ್ನನ್ನು ಹುಡುಕಿ ಕೊಡುತ್ತೇನೆ ಎಂದಿದ್ದಾನೆ. ಹಾಗೆ ಹೇಳುವಾಗ ಅವನು ಅತ್ತ, ನಾನು ಅಳಲಿಲ್ಲ.

ಅಕ್ಕ


ಡಿಸೆಂಬರ್ 8

ಅಕ್ಕ ಎನ್ನಿಸಿಕೊಂಡವಳಿಗೆ,

ತೆಗೆದುಬಿಟ್ಟರು. ಹೊಟ್ಟೆಗೆ ನಾಲ್ಕು ತೂತು ಮಾಡಿ ಎಳೆದು ಹಾಕಿದರಂತೆ. ಕೊಳೆಯುವುದಕ್ಕೆ ಶುರುವಾಗಿತ್ತು, ಇನ್ನೆರಡು ದಿನ ಬಿಟ್ಟಿದ್ದರೆ ಕಷ್ಟವಿತ್ತು ಎಂದು ಎಲ್ಲರೂ ಅಭಿನಂದಿಸುತ್ತಿದ್ದಾರೆ.

ಬೇರೆ ಕಡೆಯೆಲ್ಲ ನನ್ನ ಮುಖ ಗುರುತು ಹಿಡಿಯತೊಡಗಿದ್ದರು. ಅದಕ್ಕೇ ಮತ್ತೆ ಆ ಒಳ್ಳೆಯ ಹುಡುಗಿಯ ಆಸ್ಪತ್ರೆಗೆ ಹೋದೆ. ಡೈಕ್ಲೋಫೆನಾಕ್ ಎಂದರೆ ನನಗೆ ಅಲರ್ಜಿ, ಮೈಯೆಲ್ಲ ಊದಿಕೊಳ್ಳುತ್ತದೆ, ಉಸಿರು ಕಟ್ಟುತ್ತದೆ ಎಂದೆ. ಎಲ್ಲ ಕಡೆಯೂ ನಡೆದ ಮಾತು ಅದು. ಜುಲೈನಲ್ಲಿ ಅವಳು ನಿನ್ನ ನಂಬರ್ ಬರೆದಿಟ್ಟುಕೊಂಡಿದ್ದಾಳೆ ಎಂದು ನನಗೆ ಹೊಳೆಯಲಿಲ್ಲ. ನನ್ನೆದುರೇ ಮಾಡಿದಳು. ನನಗೆ ಭಯವಿರಲಿಲ್ಲ, ನೀನು ಏನು ಹೇಳುತ್ತೀಯ ಎಂದು ಗೊತ್ತಿತ್ತಲ್ಲ.

"ಹೌದು, ನಾನು ಅವನ ಅಕ್ಕ. ಅಲರ್ಜಿ ಇಲ್ಲ. ಏಪ್ರಿಲ್‌ನಲ್ಲಿ ಅದನ್ನೇ ಕೊಟ್ಟು ನೋವು ಹೋಗಿದೆ. ಕಿಡ್ನಿ ಪರೀಕ್ಷೆ ಮಾಡಿ, ಅದನ್ನೇ ಕೊಡಿ. ಅವನಿಗೆ ಮತ್ತೆ ಚಟ ಹತ್ತಿದೆ, ಆಪರೇಷನ್ ತಪ್ಪಿಸ್ಕೊಂಡು ತಿರುಗ್ತಿದಾನೆ. ದಯವಿಟ್ಟು ಅವನನ್ನ ಹೊರಗೆ ಬಿಡಬೇಡಿ." ಒಂದೇ ಉಸಿರಿನಲ್ಲಿ ಒಪ್ಪಿಸಿದೆ ನೀನು, ಪಾಠ ಒಪ್ಪಿಸುವ ಹಾಗೆ. ಅದನ್ನೇ ಕೊಟ್ಟರು. ನೋವು ಇಳಿಯಿತು. ಆ ಇನ್ನೊಂದರ ಹಸಿವು ಮಾತ್ರ ಇಳಿಯಲಿಲ್ಲ, ಅದು ಈಗ ಈ ಮಂಚದ ಮೇಲೆ ನನ್ನನ್ನು ಹಿಂಡುತ್ತಿದೆ.

ಅಕ್ಕ ಬೇಕಾಗಿದ್ದ ದಿನ ತಮ್ಮ ಇಲ್ಲ ಎಂದೆ. ಅಕ್ಕ ಬೇಡವಾಗಿದ್ದ ದಿನ ಎಲ್ಲಿಂದ ಬಂದೆ? ನನ್ನನ್ನು ನೋಡಲು ಬರಬೇಡ. ಬಂದರೆ ಎದ್ದು ಹೋಗುವಂತೆ ಬೈಯುತ್ತೇನೆ.

ಗುಂಡ


ಡಿಸೆಂಬರ್ 12

ಗುಂಡನಿಗೆ,

ಬೈಗುಳ ತಲುಪಿತು. ಜೀವವಿರುವವರು ಬೈಯುತ್ತಾರೆ, ಬೈ.

ಆ ಫೋನ್ ಬಂದಾಗಲೂ ಡಾಕ್ಟರಮ್ಮ ಅಲ್ಲೇ ಇದ್ದರು. ನಾನು ಅವರ ಮುಖ ನೋಡಿಕೊಂಡೇ ಎಲ್ಲವನ್ನೂ ಹೇಳಿದೆ. ಸಂಜೆ ಒಳಗೆ ಕರೆದು, ನನ್ನ ಹಿಂದಿನ ಕೆಲಸ ಯಾಕೆ ಹೋಯಿತು ಎಂದು ಕೇಳಿದರು. ಹೇಳಿದೆ. ಕಣ್ಣಿಗೆ ಹಾಕುವ ಹನಿಯ ಕಪಾಟಿನ ಬೀಗದ ಕೈಯನ್ನು ಆಗಲೇ ಇಸಿದುಕೊಂಡರು, ಮಾರನೆಯ ದಿನದಿಂದ ಬರಬೇಡ ಎಂದರು. ಮರ್ಯಾದೆಯಿಂದಲೇ ಹೇಳಿದರು. ಭಾವ ಮೂರು ದಿನದಿಂದ ಮಾತು ಬಿಟ್ಟಿದ್ದಾರೆ.

ನೋಡಲು ಬರುವುದಿಲ್ಲ, ನೀನು ಬೇಡ ಎಂದ ಮೇಲೆ. ನೀನು ಅಲ್ಲಿಂದ ಹೊರಗೆ ಬಿದ್ದು ಮತ್ತೆ ಯಾವುದಾದರೂ ಆಸ್ಪತ್ರೆಯ ಬಾಗಿಲಿಗೆ ಹೋಗುತ್ತೀಯ. ನನಗೆ ಗೊತ್ತು, ನಿನಗೂ ಗೊತ್ತು. ಹತ್ತಿರದ ಆಸ್ಪತ್ರೆಗಳಿಗೆಲ್ಲ ನಾನೇ ಹೋಗಿ ನನ್ನ ನಂಬರ್ ಕೊಟ್ಟು ಬಂದಿದ್ದೇನೆ. ಯಾವ ಹೊತ್ತಿಗಾದರೂ ಮಾಡಲಿ. ನನಗೀಗ ಕೆಲಸವಿಲ್ಲ, ಮನೆಯಲ್ಲೇ ಇರುತ್ತೇನೆ, ಫೋನ್ ಎತ್ತುವಾಗ ಪಕ್ಕದಲ್ಲಿ ಯಾರೂ ಇರುವುದಿಲ್ಲ.

ನಿನ್ನ ಅಕ್ಕ